ಅಕ್ಕ ಬೈದಿದ್ದು ಯಾರಿಗೆ?

ತಮ್ಮಾ,

ನೀನು ಬರ್ದು ಕಳ್ಸಿದ ಕತೆ ಓದ್ದೆ. ಗಂಡ ಬರ್ತ್‌ಡೇ ಮರ್ತ, ಹೆಂಡ್ತಿ ಬಾಗ್ಲು ಹಾಕ್ಕೊಂಡು ಅತ್ಲು, ಕಣ್ಣೀರು ಅನ್ನೋ ಪದ ಆರು ಸಲ ಬಂದಿದೆ (ಎಣಿಸ್ದೆ, ಬೇಜಾರಾಗ್ಬೇಡ). ಆಸೆ ಸುಳ್ಳಾದಾಗ ಜನ ಹಿಂಗೆ ನೇರವಾಗಿ ಅಳೋದು ನಾನಂತೂ ನೋಡಿದ್ದು ಕಮ್ಮಿ.

ನಮ್ಮಕ್ಕನ ವಿಷ್ಯ ಕೇಳು. ಮಡಿಕೇರಿ ಹತ್ರ ಕಾಫಿ ತೋಟ. ಹೋದ್ಸಲ ಹುತ್ತರಿಗೆ, ಅಂದ್ರೆ ಕೊಡಗಿನ ಸುಗ್ಗಿ ಹಬ್ಬಕ್ಕೆ, ಮಗ ಬೆಂಗ್ಳೂರಿಂದ ಬರ್ತಾನೆ ಅಂತ ಗೆಣಸು ಅಗೆಸಿಟ್ಟು, ಅವ್ನ ಹಾಸಿಗೆನೂ ಬಿಸ್ಲಿಗೆ ಹಾಕಿ ಎಲ್ಲಾ ರೆಡಿ ಮಾಡಿದ್ಲು, ಆದ್ರೆ ಫೋನಲ್ಲಿ ಒಂದ್ಸಲಾನೂ ಬಾ ಅನ್ಲಿಲ್ಲ, ಕರೀದೇನೇ ಬರ್ಬೇಕು ಅವ್ಳಿಗೆ. ಸಾಯಂಕಾಲ ಅವ್ನು ಲೀವ್ ಸಿಗ್ಲಿಲ್ಲಮ್ಮಾ ಅಂದ. 'ಪರ್ವಾಗಿಲ್ಲ ಬಿಡು' ಅಂದ್ಲು, ಅಷ್ಟೇ. ರಾತ್ರಿ ಭಾವ ಹಬ್ಬದ ಪದ್ಧತಿಯಂತೆ ಗದ್ದೆಯಿಂದ ಹೊಸ ಭತ್ತದ ಕದಿರು ಹೊತ್ಕೊಂಡು 'ಪೊಲಿ ಪೊಲಿ ದೇವಾ' ಅಂತ ಬಂದ್ರೆ ಶುರುವಾಯ್ತು ನೋಡು, ಅಂಗಳ ಎಲ್ಲಾ ಕೆಸರು ಮಾಡಿದ್ರಿ, ಮೂವತ್ತು ವರ್ಷದಿಂದ ಒರೆಸಿದ್ದೇ ಆಯ್ತು ನಂಗೆ ಅಂತ. ಭಾವ ಪಾಪ, ಕದಿರು ಹಿಡ್ಕೊಂಡು ಮೆಟ್ಲ ಮೇಲೇ ನಿಂತಿದ್ರು.

ಇದೇ ಅಕ್ಕ ಮಾರ್ಚಲ್ಲಿ ಕಾಫಿ ಹೂ ಅರಳ್ಸೋ ಹೂಮಳೆ ತಡ ಆದ್ರೆ ಬಸ್ ಕಂಡಕ್ಟರ್‌ಗೂ ಹೇಳ್ಕೋತಾಳೆ, ರೊಬಸ್ಟಾ ಕಾಫಿ ಮೊಗ್ಗು ಒಣಗ್ತಿದೆ, ಸ್ಪ್ರಿಂಕ್ಲರ್ ಹಾಕೋಕೆ ಕೆರೇಲಿ ನೀರಿಲ್ಲ ಅಂತ. ಮಳೆ ಬರ್ಲಿಲ್ಲ ಅನ್ನೋಕೆ ನಾಚ್ಕೆ ಇಲ್ಲ, ಮಗ ಬರ್ಲಿಲ್ಲ ಅನ್ನೋಕೆ ಇದೆ. ಕೇಳಿ ಇಸ್ಕೊಂಡ್ರೆ ಪ್ರೀತಿ ಹೆಂಗಾಗತ್ತೆ ಅನ್ನೋ ಲೆಕ್ಕ. ತಪ್ಪು ಲೆಕ್ಕ, ಆದ್ರೆ ನಾನೂ ಹಾಕಿದ್ದೀನಿ.

ಕತೆಗಾರ್ತಿ ಕೊಡಗಿನ ಗೌರಮ್ಮನವ್ರು 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ನಮ್ಮನೆಗೆ ಬರ್ಲೇಬೇಕು ಅಂತ ಉಪವಾಸ ಕೂತ್ರು, ಅವ್ರು ಬಂದ್ರು, ಇವ್ರು ಒಡವೆ ಬಿಚ್ಚಿ ಕೊಟ್ರು. ಹಂಗೆ ಬಾಯ್ಬಿಟ್ಟು ಕೇಳೋ ಗಟ್ಟಿತನ ನಿನ್ನ ನಾಯಕಿಗೆ ಇದ್ದಿದ್ರೆ ಕತೆನೇ ಇರ್ತಿರ್ಲಿಲ್ಲ ಬಿಡು.

ಅದಕ್ಕೇ, ಅವ್ಳು ಏನ್ ಎಕ್ಸ್‌ಪೆಕ್ಟ್ ಮಾಡ್ಕೊಂಡು ಕೂತಿದ್ಲು ಅನ್ನೋದನ್ನ ಮೊದ್ಲು ನಂಗೆ ತೋರ್ಸು, ಸೀರೆ ಇಸ್ತ್ರಿ ಮಾಡಿ ಮಂಚದ ಮೇಲೆ ಇಟ್ಟಿದ್ಲಾ, ಅಡ್ಗೆ ಬೇಡ ಅಂತ ಅಕ್ಕಿ ನೆನೆಹಾಕ್ಲಿಲ್ವಾ, ಆಮೇಲೆ ಗಂಡ ಮರೀಲಿ. ಅವ್ನನ್ನ ವಿಲನ್ ಮಾಡ್ಬೇಡ. ಸಿಟ್ಟು ಯಾರ ತಲೆ ಮೇಲೆ ಹೋಗಿ ಬೀಳತ್ತೆ ಅಂತ ಹುಡುಕು, ಅತ್ತೆನೋ, ಮಗುನೋ, ಕುಕ್ಕರ್‌ನೋ.

ಮಾರನೇ ದಿನ ಅಕ್ಕ ಉಳ್ದ ಗೆಣಸನ್ನ ಪೇಪರಲ್ಲಿ ಸುತ್ತಿ, ಜೊತೆಗೊಂದು ಬಾಟ್ಲಿ ಜೇನು ಇಟ್ಟು ಬೆಂಗ್ಳೂರ್ ಬಸ್ಸಿಗೆ ಹಾಕ್ಸಿದ್ಲು. ಹೊತ್ಕೊಂಡು ಹೋಗಿದ್ದು ಭಾವನೇ.

ತಿದ್ದಿ ಕಳ್ಸು.

ನಿನ್ನ ಅಣ್ಣ