ತತ್ವಪದದ ಕೊನೆಯ ನುಡಿಗೆ ಕತ್ತರಿ ಹಾಕಬೇಡಿ

ಮಾನ್ಯರೇ,

ಕಲಬುರಗಿ, ಯಾದಗಿರಿ ಸೀಮೆಯ ಹಳ್ಳಿಗಳಲ್ಲಿ ಅನುಭಾವಿಗಳು ಕಟ್ಟಿದ ಹಾಡುಗಳ, ಅಂದರೆ ತತ್ವಪದಗಳ, ಭಜನೆ ರಾತ್ರಿಯಿಡೀ ನಡೆಯುತ್ತದೆ. ಅದಕ್ಕೆ ಟಿಕೆಟ್ ಇಲ್ಲ, ಪೋಸ್ಟರ್ ಇಲ್ಲ. ಕಡಕೋಳ ಮಡಿವಾಳಪ್ಪ, ಚೆನ್ನೂರ ಜಲಾಲಸಾಹೇಬರಂಥ ತತ್ವಪದಕಾರರ ಪದಗಳು ಉಳಿದದ್ದೇ ಹೀಗೆ, ಬಾಯಿಂದ ಬಾಯಿಗೆ. ಈಗ ಯೂಟ್ಯೂಬ್ ಚಾನೆಲ್‌ನವರು, ಆಡಿಯೊ ಕಂಪನಿಯವರು ಭಜನಾ ಮಂಡಳಿಗಳನ್ನು ಹುಡುಕಿಕೊಂಡು ಬರುತ್ತಿದ್ದಾರೆ. ಬರಲಿ. ಹಾಡುವವರ ಕೈಗೆ ನಾಲ್ಕು ಕಾಸು ಬಂದರೆ ಪದ ಕೆಡುತ್ತದೆ ಅನ್ನುವುದು ಹೊಟ್ಟೆ ತುಂಬಿದವರ ಮಾತು. ಕೆಡುವ ಜಾಗ ಬೇರೆ.

ಮೊದಲು ಕತ್ತರಿಯ ವಿಷಯ. ಪದ ಕಟ್ಟಿದವರ ಅಂಕಿತ, ಅಂದರೆ ಅವರ ಗುರುತಿನ ಹೆಸರು, ಸಾಮಾನ್ಯವಾಗಿ ಕೊನೆಯ ನುಡಿಯಲ್ಲಿ (ಚರಣದಲ್ಲಿ) ಇರುತ್ತದೆ. ಮೂರು ನಿಮಿಷದ ವಿಡಿಯೊಗೆ ಪಲ್ಲವಿ, ಎರಡು ನುಡಿ ಸಾಕೆಂದು ಉಳಿದದ್ದನ್ನು ಕತ್ತರಿಸಿದರೆ ಅಂಕಿತವೂ ಹೋಯಿತು. ಅದರ ಕೆಳಗೆ ‘ಸಾಹಿತ್ಯ’ ಎಂದು ಯಾರ ಹೆಸರು ಬೇಕಾದರೂ ಕೂಡುತ್ತದೆ. ಇನ್ನು ಟ್ರ್ಯಾಕ್. ಭಜನೆಯಲ್ಲಿ ನುಡಿ ಏರಿದಂತೆ ಲಯವೂ ಏರುತ್ತದೆ, ಕೈಯಲ್ಲಿ ಬಡಿಯುವ ದಮ್ಮಡಿ ವಾದ್ಯ ಹಾಡುವವರ ಉಸಿರು ನೋಡಿ ನಡೆಯುತ್ತದೆ. ಮೊದಲೇ ಮಾಡಿಟ್ಟ ರಿದಮ್ ಪ್ಯಾಡಿನ ಟ್ರ್ಯಾಕು ಒಂದೇ ವೇಗಕ್ಕೆ ಕಟ್ಟಿಹಾಕುತ್ತದೆ, ಏಕತಾರಿಯಂತೂ ಕೇಳಿಸುವುದೇ ಇಲ್ಲ.

ಹೆಚ್ಚು ಹಾನಿ ಕಂಪನಿಯವರು ಸಹಿಗೆ ಕೊಡುವ ಕಾಗದದಲ್ಲಿದೆ. ‘ಶಾಶ್ವತವಾಗಿ, ಜಗತ್ತಿನಾದ್ಯಂತ, ಎಲ್ಲ ಮಾಧ್ಯಮಗಳಿಗೆ’ ಎಂಬ ಸಾಲಿದ್ದರೆ ಸಹಿ ಹಾಕಬೇಡಿ. ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ 19ನೇ ಕಲಮಿನ ಪ್ರಕಾರ ಹಕ್ಕು ಬರೆದುಕೊಟ್ಟ ಪತ್ರದಲ್ಲಿ ಅವಧಿ ನಮೂದಿಸದಿದ್ದರೆ 5 ವರ್ಷ, ಪ್ರದೇಶ ನಮೂದಿಸದಿದ್ದರೆ ಭಾರತ ಮಾತ್ರ ಎಂದೇ ಅರ್ಥ. ಅಂದರೆ ಆ ಸಾಲು ಹೊಡೆದುಹಾಕಿದರೂ ಹಾಡುವವರಿಗೆ ಲಾಭ. 2012ರ ತಿದ್ದುಪಡಿಯ ನಂತರ ಹಾಡಿದ್ದನ್ನು ವ್ಯಾಪಾರಕ್ಕೆ ಬಳಸಿದರೆ ಕಲಾವಿದರಿಗೆ ರಾಯಲ್ಟಿಯ ಹಕ್ಕೂ ಇದೆ. ‘ಒಮ್ಮೆ ದುಡ್ಡು ಕೊಟ್ಟಾಯಿತಲ್ಲ’ ಎಂಬ ಮಾತಿಗೆ ತಲೆಯಾಡಿಸುವ ಮುಂಚೆ ಇದನ್ನು ಕೇಳಬೇಕು. ಹಣ ಮುಖ್ಯ ಗಾಯಕರ ಹೆಸರಿಗೋ, ಹಿಮ್ಮೇಳ, ಪೇಟಿ (ಹಾರ್ಮೋನಿಯಂ), ದಮ್ಮಡಿಯವರಿಗೂ ಪಾಲೋ, ಅದನ್ನೂ ಕಾಗದದಲ್ಲೇ ಬರೆಸಿರಿ. ಮಂಡಳಿ ಒಡೆಯುವುದು ಇಲ್ಲೇ.

ಯಾರಾದರೂ ಬರುವ ಮೊದಲು ಮಂಡಳಿಯೇ ಪೂರ್ತಿ ಪದಗಳನ್ನು ರೆಕಾರ್ಡ್ ಮಾಡಿಟ್ಟುಕೊಳ್ಳಲಿ. ಎರಡು ಫೋನ್ ಸಾಕು. ಎರಡನ್ನೂ ಏರೋಪ್ಲೇನ್ ಮೋಡ್‌ಗೆ ಹಾಕಿ, ಫ್ಯಾನ್ ಬಂದ್ ಮಾಡಿ. ಒಂದು ಫೋನ್ ಮುಖ್ಯ ಗಾಯಕರಿಂದ ಮೂರು ಅಡಿ ದೂರದಲ್ಲಿ, ಬಾಯಿಯ ನೇರಕ್ಕಲ್ಲ, ತುಸು ಪಕ್ಕಕ್ಕೆ. ಇನ್ನೊಂದು ಹಿಮ್ಮೇಳದ ಎದುರು. ದಮ್ಮಡಿಯವರು ಎಂಟು-ಹತ್ತು ಅಡಿ ಹಿಂದೆ ಕೂಡಲಿ. ಫೋನಿನ ರೆಕಾರ್ಡರ್ ದೊಡ್ಡ ಸದ್ದು ಬಂದಾಗ ತಾನೇ ಮಟ್ಟ ಇಳಿಸುತ್ತದೆ. ದಮ್ಮಡಿ ಹತ್ತಿರವಿದ್ದರೆ ಪ್ರತಿ ಪೆಟ್ಟಿಗೂ ಗಾಯಕರ ದನಿ ಮುಳುಗಿ ಏಳುತ್ತದೆ, ಅದನ್ನು ಆಮೇಲೆ ಸರಿಪಡಿಸಲಾಗದು. ಆಪ್‌ನಲ್ಲಿ ಹೀಗೆ ತಾನೇ ಮಟ್ಟ ಬದಲಿಸುವ ಆಟೋ ಗೇನ್ ತೆಗೆಯುವ ಸೌಲಭ್ಯವಿದ್ದರೆ ತೆಗೆಯಿರಿ. ಎರಡೂ ಶುರುವಾದ ಮೇಲೆ ಒಮ್ಮೆ ಚಪ್ಪಾಳೆ ತಟ್ಟಿದರೆ ಕೂಡಿಸುವಾಗ ಅದೇ ಗುರುತು. ಎಂಪಿ3 ಬೇಡ, ವೇವ್ ಫೈಲ್ ಇರಲಿ. 48 ಕಿಲೋಹರ್ಟ್ಸ್, 24 ಬಿಟ್ ಸ್ಟೀರಿಯೊದಲ್ಲಿ ತಾಸಿಗೆ ಸುಮಾರು 1 ಜಿಬಿ ಹಿಡಿಯುತ್ತದೆ. ರಾತ್ರಿಯಿಡೀ ಹಾಡುವುದಿದ್ದರೆ ಫೋನೊಂದಕ್ಕೆ 10 ಜಿಬಿ ಖಾಲಿ ಇಟ್ಟುಕೊಳ್ಳಿ.

ಮಂಡಳಿಯೇ ಹಾಡಿದ್ದಕ್ಕೆ ಸಾಕ್ಷಿಯಾಗಿ ಈ ಫೈಲು ಮುಂದೆ ಕೆಲಸಕ್ಕೆ ಬರುತ್ತದೆ. ಒಂದೇ ಪದವನ್ನು ಕಂಪನಿಯೊಂದು ಮೊದಲು ಹಾಕಿದ್ದರೆ, ಊರ ಮಂಡಳಿ ತಾನೇ ಹಾಡಿ ಹಾಕಿದ ವಿಡಿಯೊಗೂ ಯೂಟ್ಯೂಬ್‌ನಲ್ಲಿ ಕಾಪಿರೈಟ್ ಕ್ಲೇಮ್ ಬರಬಹುದು. ಹಳೆಯ ತತ್ವಪದಗಳ ಸಾಹಿತ್ಯ ಯಾರ ಸ್ವತ್ತೂ ಅಲ್ಲ. ಕವಿ ತೀರಿಕೊಂಡು 60 ವರ್ಷವಾದ ಮೇಲೆ ಅದು ಎಲ್ಲರದು. ಕಂಪನಿಯ ಹಕ್ಕು ಅದು ಮಾಡಿಸಿದ ಧ್ವನಿಮುದ್ರಣಕ್ಕೆ, ಹೊಸದಾಗಿ ಕೂಡಿಸಿದ ಸಂಗೀತಕ್ಕೆ ಮಾತ್ರ. ಕ್ಲೇಮಿಗೆ ತಕರಾರು ಹಾಕಿದರೆ ಅವರು 30 ದಿನದೊಳಗೆ ಉತ್ತರಿಸಬೇಕು, ಇಲ್ಲದಿದ್ದರೆ ಕ್ಲೇಮ್ ಬಿದ್ದುಹೋಗುತ್ತದೆ. ಆದರೆ ಅವರ ಟ್ರ್ಯಾಕನ್ನೇ ಹಿಂದೆ ಹಾಕಿಕೊಂಡು ಹಾಡಿದ್ದರೆ ತಕರಾರಿಗೆ ಹೋಗಬೇಡಿ, ಚಾನೆಲ್ಲಿಗೇ ಸ್ಟ್ರೈಕ್ (ಯೂಟ್ಯೂಬ್‌ನ ದಂಡನೆ) ಬಿದ್ದೀತು.

– ತತ್ವಪದ ಆಸಕ್ತರು, ಕಲಬುರಗಿ