ದೂರು: ಡಿಜೆ ಕಂಟ್ರೋಲರ್‌ನ ಬಲಬದಿಯ ಮಾಸ್ಟರ್ ಔಟ್‌ನಲ್ಲಿ ಧ್ವನಿ ಕುಸಿದಿರುವುದು, ಸೇವಾ ಕೇಂದ್ರ ಅದನ್ನು ಪರೀಕ್ಷಿಸದೆ ಹಿಂದಿರುಗಿಸಿರುವುದು

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ, ಬೆಂಗಳೂರು

ಇವರಿಂದ,
ಮದುವೆ, ಉತ್ಸವಗಳಿಗೆ ಧ್ವನಿ ವ್ಯವಸ್ಥೆ ಒದಗಿಸುವ ಸ್ವಯಂ ಉದ್ಯೋಗಿ,
ತೀರ್ಥಹಳ್ಳಿ, ಶಿವಮೊಗ್ಗ ಜಿಲ್ಲೆ

ಮಾನ್ಯರೇ,

ಕಳೆದ ಫೆಬ್ರವರಿಯಲ್ಲಿ ಶಿವಮೊಗ್ಗದ ತಮ್ಮ ಮಾರಾಟಗಾರರಿಂದ ಕೊಂಡ ನಾಲ್ಕು ಚಾನೆಲ್‌ನ ಡಿಜೆ ಕಂಟ್ರೋಲರ್ (ಲ್ಯಾಪ್‌ಟಾಪಿನ ಹಾಡುಗಳನ್ನು ಬೆರೆಸಿ ಸ್ಪೀಕರ್‌ಗಳಿಗೆ ಕಳುಹಿಸುವ ಯಂತ್ರ) ಎರಡೂವರೆ ತಿಂಗಳಿಗೇ ಕೈಕೊಟ್ಟಿತು. ಅದರ ಬಲಬದಿಯ ಮಾಸ್ಟರ್ ಔಟ್‌ನಿಂದ , ಅಂದರೆ ಸ್ಪೀಕರ್‌ಗೆ ತಂತಿ ಹಾಕುವ ಮುಖ್ಯ ಸಾಕೆಟ್ಟಿನಿಂದ, ಬರುವ ಧ್ವನಿ ಎಡಬದಿಯದಕ್ಕಿಂತ ತೀರಾ ಕಡಿಮೆ. ಒಂದು ವರ್ಷದ ವಾರಂಟಿ ಇರುವುದರಿಂದ ತಮ್ಮ ಸೇವಾ ಕೇಂದ್ರಕ್ಕೆ ಕಳುಹಿಸಿದೆ. ಇಪ್ಪತ್ತನಾಲ್ಕು ದಿನ ಇಟ್ಟುಕೊಂಡು, ‘ಪರೀಕ್ಷಿಸಲಾಗಿದೆ, ದೋಷ ಕಂಡುಬಂದಿಲ್ಲ’ ಎಂಬ ಒಂದು ಸಾಲಿನ ಚೀಟಿಯೊಂದಿಗೆ ಹಿಂದಿರುಗಿಸಿದ್ದೀರಿ. ಪರೀಕ್ಷಾ ಶುಲ್ಕವೆಂದು ತೆರಿಗೆ ಸೇರಿ 1,180 ರೂಪಾಯಿ ಪಡೆದಿದ್ದೀರಿ. ಹೋಗುವಾಗ ಹೇಗಿತ್ತೋ ಬರುವಾಗಲೂ ಯಂತ್ರ ಹಾಗೆಯೇ ಇತ್ತು. ದೋಷ ಇದೆ, ಅದು ಎಲ್ಲಿದೆ ಎಂಬುದನ್ನೂ ನಾನು ಅಳೆದು ನೋಡಿದ್ದೇನೆ. ದಯವಿಟ್ಟು ಈ ಪತ್ರವನ್ನು ದೂರವಾಣಿ ಎತ್ತಿಕೊಳ್ಳುವವರಿಗೆ ಕೊಟ್ಟು ಬಿಡದೆ, ಯಂತ್ರ ಬಿಚ್ಚಿ ನೋಡಬಲ್ಲ ತಂತ್ರಜ್ಞರ ಕೈಗೆ ತಲುಪಿಸಿ.

ತೊಂದರೆ ಮೊದಲು ಕಾಣಿಸಿದ್ದು ಏಪ್ರಿಲ್ ಕೊನೆಯ ವಾರ, ಕೊಪ್ಪದ ರಸ್ತೆಯಲ್ಲಿರುವ ಒಂದು ಮನೆಯ ಮೆಹಂದಿ ಕಾರ್ಯಕ್ರಮದಲ್ಲಿ. ಅಡಿಕೆ ಒಣಗಿಸುವ ದೊಡ್ಡ ಅಂಗಳಕ್ಕೆ ಚಪ್ಪರ ಹಾಕಿದ್ದರು. ಎಡಕ್ಕೊಂದು, ಬಲಕ್ಕೊಂದು ಪವರ್ಡ್ ಸ್ಪೀಕರ್ (ಆಂಪ್ಲಿಫೈಯರ್ ಒಳಗೇ ಇರುವ ಸ್ಪೀಕರ್) ನಿಲ್ಲಿಸಿದ್ದೆ. ಏಳು ಗಂಟೆಗೆ ಶುರು ಮಾಡಿದ ಹತ್ತು ನಿಮಿಷದಲ್ಲಿ ಕುಣಿಯುತ್ತಿದ್ದ ಮಕ್ಕಳೆಲ್ಲ ಎಡಗಡೆಗೆ ಸರಿದರು. ಬಲಗಡೆಯ ಕುರ್ಚಿಯಲ್ಲಿ ಮದುಮಗಳ ಅಜ್ಜಿ ಕುಳಿತಿದ್ದರು. ಅವರೇ ಕೇಳಿ ಹಾಕಿಸಿಕೊಂಡ ಹಾಡು ಅದು. ಅಂಗೈಯನ್ನು ಕಿವಿಯ ಹಿಂದೆ ಹಿಡಿದು ಸ್ವಲ್ಪ ಹೊತ್ತು ಕಾದು, ‘ಇನ್ನೂ ಹಾಕಲಿಲ್ಲವೇನಪ್ಪ?’ ಎಂದರು. ಹಾಡು ಅರ್ಧ ಮುಗಿದಿತ್ತು. ಈ ಕೆಲಸಕ್ಕೆ ಬಂದು ಹನ್ನೊಂದು ವರ್ಷವಾಯಿತು. ನನ್ನ ಎದುರಿಗೆ ಕುಳಿತವರು ಹಾಗೆ ಕೇಳಿದ್ದು ಅದೇ ಮೊದಲು.

ಅಲ್ಲಿಯೇ ಎರಡು ಸ್ಪೀಕರ್‌ಗಳ ಕೇಬಲ್ಲುಗಳನ್ನು ಕಂಟ್ರೋಲರ್‌ನ ಹಿಂದೆ ಅದಲುಬದಲು ಮಾಡಿದೆ. ಈಗ ಬಲಗಡೆಯ ಸ್ಪೀಕರ್ ಜೋರಾಯಿತು, ಎಡಗಡೆಯದು ಮೆತ್ತಗಾಯಿತು. ಅಂದರೆ ಸ್ಪೀಕರ್ ಸರಿಯಿದೆ, ಕೇಬಲ್ ಸರಿಯಿದೆ, ದೋಷ ಇರುವುದು ಕಂಟ್ರೋಲರ್‌ನ ಬಲಬದಿಯ ಸಾಕೆಟ್ಟಿನಲ್ಲಿ. ಬೇರೆ ದಾರಿಯಿಲ್ಲದೆ ಮೆತ್ತಗಿದ್ದ ಸ್ಪೀಕರ್‌ನ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದೆ. ಹಾಡಿನ ಜೊತೆಗೆ ಜನರೇಟರ್‌ನ ಗುಂಯ್ ಎನ್ನುವ ಸದ್ದೂ ಏರಿತು. ಕೊನೆಗೆ ಅದೇ ಯಂತ್ರದ ಇನ್ನೊಂದು ಬಗೆಯ ಸಾಕೆಟ್ಟಾದ ಆರ್‌ಸಿಎ ಔಟ್‌ನಿಂದ ತಂತಿ ಎಳೆದು ಹೇಗೋ ದಾಟಿಸಿದೆ. ಇದಕ್ಕೆಲ್ಲ ಮುಕ್ಕಾಲು ಗಂಟೆ ಹೋಯಿತು. ತೆರೆದ ಜಾಗದಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ ಎಂಬುದು 2000ದ ಶಬ್ದ ಮಾಲಿನ್ಯ ನಿಯಮ. ಹಾಗಾಗಿ ಕಳೆದುಹೋದ ಮುಕ್ಕಾಲು ಗಂಟೆಯನ್ನು ಹತ್ತರ ಮೇಲೆ ತುಂಬಿಕೊಡಲಾಗಲಿಲ್ಲ. ಮಾತಾಡಿದ್ದ ಹಣದಲ್ಲಿ ಕಾಲುಭಾಗವನ್ನು ನಾನೇ ಬಿಟ್ಟು ಬಂದೆ. ಆ ಮನೆಯವರು ಒಂದು ಕಟುಮಾತನ್ನೂ ಆಡಲಿಲ್ಲ, ಅದು ಅವರ ದೊಡ್ಡತನ.

ತಮ್ಮ ಸಹಾಯವಾಣಿಗೆ ಐದು ಸಲ ಕರೆ ಮಾಡಿದ್ದೇನೆ. ಐದು ಸಲವೂ ಬೇರೆಬೇರೆಯವರು ಸಿಕ್ಕಿದರು, ಐವರೂ ಮೊದಲಿನಿಂದ ಅದೇ ಪ್ರಶ್ನೆಗಳನ್ನು ಕೇಳಿದರು. ಆರನೆಯ ಸಲ ಕೇಳಬಾರದೆಂದು ಉತ್ತರಗಳನ್ನು ಇಲ್ಲಿಯೇ ಬರೆಯುತ್ತೇನೆ. ಟ್ರಿಮ್ ಗುಂಡಿ ನಡುವಿನಲ್ಲಿತ್ತು, ಚಾನೆಲ್ ಫೇಡರ್ ಪೂರ್ತಿ ಮೇಲಿತ್ತು, ಬ್ಯಾಲೆನ್ಸ್ ನಡುವೆಯೇ ಇತ್ತು, ಮೈಕ್ ಬಳಸುವಾಗ ಹಾಡನ್ನು ತಗ್ಗಿಸುವ ಟಾಕ್‌ಓವರ್ ಆರಿತ್ತು. ಯುಎಸ್‌ಬಿ ತಂತಿಯನ್ನು ಹಬ್ ಇಲ್ಲದೆ ನೇರವಾಗಿ ಲ್ಯಾಪ್‌ಟಾಪಿಗೆ ಹಾಕಿದ್ದೆ. ಚಾಲಕ ತಂತ್ರಾಂಶವನ್ನು ಅಳಿಸಿ ಹೊಸದಾಗಿ ಸ್ಥಾಪಿಸಿದೆ, ಬೇರೊಂದು ಲ್ಯಾಪ್‌ಟಾಪಿನಲ್ಲೂ ನೋಡಿದೆ. ಸೆಟ್ಟಿಂಗ್ಸ್‌ನಲ್ಲಿ ಮಾಸ್ಟರ್ ಔಟ್‌ನ ಮಟ್ಟ ಮೈನಸ್ 6 ಡೆಸಿಬೆಲ್‌ಗೆ ಇದ್ದದ್ದು ನಿಜ. ಅದನ್ನು ಸೊನ್ನೆಗೆ ತಂದಾಗ ಎರಡೂ ಕಡೆ ಧ್ವನಿ ಏರಿತು, ಆದರೆ ಎಡಕ್ಕೂ ಬಲಕ್ಕೂ ಇದ್ದ ಅಂತರ ಒಂದಿಷ್ಟೂ ಕುಗ್ಗಲಿಲ್ಲ. ಯಂತ್ರದ ಮೇಲಿನ ಮೀಟರಿನಲ್ಲಿ ಎರಡೂ ಸಾಲಿನ ದೀಪಗಳು ಒಂದೇ ಎತ್ತರಕ್ಕೆ ಉರಿಯುತ್ತವೆ. ಒಳಗೆ ಲೆಕ್ಕ ಸರಿಯಿದ್ದು, ಸಾಕೆಟ್ಟಿನಿಂದ ಹೊರಬರುವಾಗ ಏರುಪೇರಾಗುತ್ತಿದೆ.

‘ಗೇನ್ ಜಾಸ್ತಿ ಇಡಿ’ ಎಂದು ತಮ್ಮವರೊಬ್ಬರು ಹೇಳಿದ್ದನ್ನು ಮಾತ್ರ ನಾನು ಮಾಡಲಿಲ್ಲ. ಗೇನ್, ಅಂದರೆ ಸಂಕೇತವನ್ನು ಹಿಗ್ಗಿಸುವ ಮಟ್ಟ, ಏರಿಸಿದರೆ ಎಡಬದಿಯೂ ಏರುತ್ತದೆ, ಕೆಂಪು ದೀಪ ಹತ್ತುತ್ತದೆ, ಹಾಡಿನ ಅಲೆಯ ತುದಿ ಕತ್ತರಿಸಿದಂತಾಗಿ ದನಿ ಒಡೆಯುತ್ತದೆ, ಸ್ಪೀಕರ್‌ನ ಎತ್ತರದ ಸ್ವರಗಳ ಭಾಗವಾದ ಟ್ವೀಟರ್ ಸುಡುವುದೂ ಉಂಟು. ಯಂತ್ರ ಮಾರಿದವರೇ ಈ ಸಲಹೆ ಕೊಡಬಾರದಿತ್ತು.

ಈಗ ಅಳತೆಯ ವಿಷಯ. ಚೀಟಿ ಓದಿದ ರಾತ್ರಿ ಮಲ್ಟಿಮೀಟರ್ ತೆಗೆದುಕೊಂಡು ಕುಳಿತೆ. ಸಾಮಾನ್ಯ ಮೀಟರ್ ಎತ್ತರದ ಸ್ವರಗಳನ್ನು ಸರಿಯಾಗಿ ಅಳೆಯುವುದಿಲ್ಲ, ಆದ್ದರಿಂದ ಮನೆಯ ವಿದ್ಯುತ್ತಿನ ಆವರ್ತನದಷ್ಟೇ, ಅಂದರೆ 50 ಹರ್ಟ್ಜ್‌ನ ಒಂದೇ ಸಮನೆಯ ಸ್ವರವನ್ನು ಎರಡೂ ಚಾನೆಲ್ಲಿಗೆ ಹಾಕಿದೆ. ಸ್ಪೀಕರ್ ಕಳಚಿ, ಮಾಸ್ಟರ್ ಔಟ್‌ನ ಎಕ್ಸ್‌ಎಲ್‌ಆರ್ ಸಾಕೆಟ್ಟಿನ ಮೂರು ಪಿನ್ನುಗಳ ನಡುವೆ ಎಸಿ ವೋಲ್ಟ್ ಅಳೆದೆ. ಎಡಬದಿಯಲ್ಲಿ ಒಂದನೆಯ ಮತ್ತು ಎರಡನೆಯ ಪಿನ್ನುಗಳ ನಡುವೆ 1.2 ವೋಲ್ಟ್, ಒಂದನೆಯ ಮತ್ತು ಮೂರನೆಯದರ ನಡುವೆಯೂ 1.2, ಎರಡನೆಯ ಮತ್ತು ಮೂರನೆಯದರ ನಡುವೆ 2.4. ಬಲಬದಿಯಲ್ಲಿ ಒಂದು ಮತ್ತು ಎರಡರ ನಡುವೆ ಅದೇ 1.2. ಒಂದು ಮತ್ತು ಮೂರರ ನಡುವೆ ಸೊನ್ನೆ! ಮೀಟರಿನ ತಂತಿಯ ಮೊನೆಯನ್ನು ಪಿನ್ನಿಗೆ ಒತ್ತಿ ಹಿಡಿದೆ, ಪಿನ್ನನ್ನು ಒರೆಸಿ ಮತ್ತೆ ಹಿಡಿದೆ, ಸೊನ್ನೆ ಕದಲಲಿಲ್ಲ. ಬಲಬದಿಯ ಮೂರನೆಯ ಪಿನ್ನಿಗೆ ಧ್ವನಿ ಸಂಕೇತವೇ ಬರುತ್ತಿಲ್ಲ.

ಇಂಥ ಮೂರು ಪಿನ್ನಿನ ಬ್ಯಾಲೆನ್ಸ್ಡ್ ಔಟ್‌ನಲ್ಲಿ ಒಂದನೆಯ ಪಿನ್ ಗ್ರೌಂಡ್; ಒಂದೇ ಸಂಕೇತ ಎರಡನೆಯ ಪಿನ್ನಿನಲ್ಲಿ ನೇರವಾಗಿ, ಮೂರನೆಯದರಲ್ಲಿ ತಲೆಕೆಳಗಾಗಿ ಹೋಗುತ್ತದೆ. ಸ್ಪೀಕರ್ ಎರಡರ ವ್ಯತ್ಯಾಸವನ್ನು ತೆಗೆದುಕೊಳ್ಳುತ್ತದೆ. ಆಗ ಸಂಕೇತ ಇಮ್ಮಡಿಯಾಗುತ್ತದೆ, ಉದ್ದದ ಕೇಬಲ್ಲಿನಲ್ಲಿ ಎರಡೂ ತಂತಿಗೆ ಸಮವಾಗಿ ಸೇರಿಕೊಂಡ ಗದ್ದಲ ಕಳೆದುಹೋಗುತ್ತದೆ. ಮೂರನೆಯದು ಸತ್ತರೆ ವೋಲ್ಟೇಜ್ ಅರ್ಧಕ್ಕೆ, ಅಂದರೆ 6 ಡೆಸಿಬೆಲ್ ಇಳಿಯುತ್ತದೆ. ಸ್ಪೀಕರಿಗೆ ಸಿಗುವ ಶಕ್ತಿ ಕಾಲುಭಾಗಕ್ಕೆ ಬೀಳುತ್ತದೆ. ಆ ಅಂಗಳದಲ್ಲಿ ಅಜ್ಜಿಗೆ ಹಾಡು ಕೇಳಿಸದಿದ್ದುದಕ್ಕೆ ಕಾರಣ ಇದೇ. ಬೆಸುಗೆ ಬಿಟ್ಟಿದೆಯೋ, ಆ ಪಿನ್ನಿಗೆ ಸಂಕೇತ ಕೊಡುವ ಐಸಿ (ಚಿಪ್) ಹೋಗಿದೆಯೋ, ಬಿಚ್ಚಿದರೆ ತಿಳಿಯುತ್ತದೆ. ನಾನು ಬಿಚ್ಚಿಲ್ಲ. ತಾವು ಅಂಟಿಸಿದ ವಾರಂಟಿ ಚೀಟಿ ಹರಿಯದೆ ಹಾಗೆಯೇ ಇದೆ.

ಇಷ್ಟು ಸುಲಭವಾಗಿ ಸಿಗುವ ದೋಷ ಇಪ್ಪತ್ತನಾಲ್ಕು ದಿನದಲ್ಲಿ ತಮಗೆ ಏಕೆ ಸಿಗಲಿಲ್ಲ? ಕೇಂದ್ರದ ಸಿಬ್ಬಂದಿಯೇ ದೂರವಾಣಿಯಲ್ಲಿ ಹೇಳಿದರು: ಹೆಡ್‌ಫೋನ್ ಹಾಕಿ ಕೇಳಿದ್ದಾರೆ, ಎರಡೂ ಕಿವಿಗೆ ಸಮವಾಗಿ ಕೇಳಿಸಿದೆ. ಹೆಡ್‌ಫೋನಿಗೆ ಧ್ವನಿ ಕೊಡುವ ಸರ್ಕ್ಯೂಟ್ ಬೇರೆ, ಅದು ಚೆನ್ನಾಗಿಯೇ ಇದೆ. ಆರ್‌ಸಿಎ ಔಟ್ ಕೂಡ ಚೆನ್ನಾಗಿದೆ, ಆ ರಾತ್ರಿ ನನ್ನನ್ನು ಉಳಿಸಿದ್ದು ಅದೇ. ಆದರೆ ನನ್ನ ದೂರು ಮಾಸ್ಟರ್ ಎಕ್ಸ್‌ಎಲ್‌ಆರ್ ಬಗ್ಗೆ ಎಂದು ಪೆಟ್ಟಿಗೆಯೊಳಗಿಟ್ಟ ಕಾಗದದಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದಿದ್ದೆ. ಆ ಕಾಗದ ಮಡಿಕೆ ಬಿಚ್ಚದೆಯೇ ಅದೇ ಪೆಟ್ಟಿಗೆಯಲ್ಲಿ ವಾಪಸು ಬಂದಿದೆ. ಯಂತ್ರ ಕೆಡುವುದನ್ನು ನಾನು ಒಪ್ಪಿಕೊಳ್ಳಬಲ್ಲೆ, ಯಾವ ಕಂಪನಿಯದಾದರೂ ಕೆಡುತ್ತದೆ. ಬರೆದದ್ದನ್ನು ಓದದೆ ‘ದೋಷವಿಲ್ಲ’ ಎಂದು ಮುದ್ರೆ ಒತ್ತಿ, ಅದಕ್ಕೆ ಹಣ ಕೇಳಿದ್ದನ್ನು ಒಪ್ಪಲಾರೆ.

ಇನ್ನೊಬ್ಬ ಸಿಬ್ಬಂದಿ, ‘ನಿಮ್ಮ ಮಲೆನಾಡಿನ ತೇವಕ್ಕೆ ಹೀಗಾಗುತ್ತದೆ, ತೇವಕ್ಕೆ ವಾರಂಟಿ ಇಲ್ಲ’ ಎಂದರು. ದೋಷವೇ ಇಲ್ಲದಿದ್ದರೆ ತೇವದಿಂದ ಆದದ್ದು ಏನು? ಕೆಟ್ಟದ್ದು ಏಪ್ರಿಲ್‌ನಲ್ಲಿ. ಇಲ್ಲಿ ಮುಂಗಾರು ಹಿಡಿಯುವುದು ಜೂನ್‌ನಲ್ಲಿ. ಬಾವಿಯ ನೀರು ತಳ ಕಂಡು, ಅಂಗಳದ ಮಣ್ಣು ಬಿರುಕು ಬಿಟ್ಟಿದ್ದ ದಿನಗಳವು. ಯಂತ್ರವನ್ನು ಗಟ್ಟಿ ಪೆಟ್ಟಿಗೆಯಲ್ಲಿ, ತೇವ ಹೀರುವ ಸಿಲಿಕಾ ಪೊಟ್ಟಣಗಳ ಜೊತೆಗೆ ಇಡುತ್ತೇನೆ. ಶಿವಮೊಗ್ಗದಲ್ಲಿ ಅಂಗಡಿ ಇಟ್ಟು ಮಾರುವ ಯಂತ್ರಕ್ಕೆ ಶಿವಮೊಗ್ಗ ಜಿಲ್ಲೆಯ ಹವೆ ಆಗಿಬರುವುದಿಲ್ಲ ಎಂದಾದರೆ ಅದನ್ನು ಬಿಲ್ ಹರಿಯುವ ಮೊದಲೇ ಹೇಳಬೇಕಿತ್ತು.

ನನ್ನ ಬೇಡಿಕೆಗಳು ದೊಡ್ಡವಲ್ಲ. ಯಂತ್ರವನ್ನು ತಮ್ಮ ಖರ್ಚಿನಲ್ಲಿ ತೀರ್ಥಹಳ್ಳಿಯಿಂದ ತರಿಸಿಕೊಂಡು ಬಲಬದಿಯ ಮಾಸ್ಟರ್ ಔಟ್ ದುರಸ್ತಿ ಮಾಡಿ, ಆಗದಿದ್ದರೆ ಬದಲಿ ಯಂತ್ರ ಕೊಡಿ. ಹಿಂದಿರುಗಿಸುವಾಗ ಎರಡೂ ಸಾಕೆಟ್ಟುಗಳ ಮೂರೂ ಪಿನ್ನುಗಳ ಅಳತೆಯನ್ನು ಬರೆದು, ತಂತ್ರಜ್ಞರ ಸಹಿಯೊಂದಿಗೆ ಕಳುಹಿಸಿ. 1,180 ರೂಪಾಯಿ ಶುಲ್ಕವನ್ನೂ ನಾನು ಕೊಟ್ಟ ಕೊರಿಯರ್ ವೆಚ್ಚವನ್ನೂ ಮರಳಿಸಿ. ಆಷಾಢದಲ್ಲಿ ನಮ್ಮಲ್ಲಿ ಮದುವೆಗಳಿಲ್ಲ, ಯಂತ್ರ ಬಿಟ್ಟಿರಬಲ್ಲ ತಿಂಗಳು ಅದೊಂದೇ. ಶ್ರಾವಣ ಹುಟ್ಟಿದರೆ ಮತ್ತೆ ಕೆಲಸ ಶುರು, ಗಣೇಶನ ಹಬ್ಬಕ್ಕೆ ಈಗಾಗಲೇ ಎರಡು ಕಡೆ ಮುಂಗಡ ಪಡೆದಿದ್ದೇನೆ.

ಈ ಪತ್ರ ತಲುಪಿದ ಹದಿನೈದು ದಿನಗಳೊಳಗೆ ಲಿಖಿತ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ, ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ‘ನೀವು ವ್ಯಾಪಾರಕ್ಕೆ ಬಳಸುವವರು, ಗ್ರಾಹಕರಲ್ಲ’ ಎಂಬ ಮಾತೂ ಒಮ್ಮೆ ಬಂದಿದೆ. ಸ್ವಯಂ ಉದ್ಯೋಗದಿಂದ ಜೀವನೋಪಾಯಕ್ಕಾಗಿಯೇ ಕೊಂಡು ತಾನೇ ಬಳಸುವ ವಸ್ತು ವಾಣಿಜ್ಯ ಉದ್ದೇಶದ್ದಾಗುವುದಿಲ್ಲ ಎಂದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯೇ ಹೇಳುತ್ತದೆ. ನಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಲೂ ಆ ಕಾಯಿದೆಯಲ್ಲಿ ಅವಕಾಶವಿದೆ. ಆಯೋಗದ ಮೆಟ್ಟಿಲು ಹತ್ತುವ ಆಸೆ ನನಗಿಲ್ಲ. ಯಂತ್ರ ಸರಿಯಾಗಿ ಬಂದರೆ ಅಂದೇ ದೂರು ಮುಗಿಯಿತೆಂದು ಬರೆದು ಕೊಡುತ್ತೇನೆ.

ಬಿಲ್ಲು, ವಾರಂಟಿ ಕಾರ್ಡು ಮತ್ತು ಸೇವಾ ಕೇಂದ್ರದ ಚೀಟಿಯ ಪ್ರತಿಗಳನ್ನು, ಮೀಟರಿನ ಅಂಕಿಗಳು ಕಾಣುವಂತೆ ಪ್ರತಿ ಪಿನ್ನಿಗೂ ತೆಗೆದ ಆರು ಛಾಯಾಚಿತ್ರಗಳನ್ನು ಲಗತ್ತಿಸಿದ್ದೇನೆ. ಮಡಿಕೆ ಬಿಚ್ಚದೆ ಬಂದ ಆ ಕಾಗದವನ್ನೂ ಇದರೊಳಗೆ ಇಟ್ಟಿದ್ದೇನೆ, ಈ ಸಲ ದಯವಿಟ್ಟು ಓದಿ.

ತಮ್ಮ ವಿಶ್ವಾಸಿ,
(ಸಹಿ)
ತೀರ್ಥಹಳ್ಳಿ