ಗೆಳೆಯನಿಗೊಂದು ಪತ್ರ: ಅವತ್ತು ನಾನು ಹೇಳಿದ ಸಂಬಳದ ನಂಬರ್

ಲೋ ಹದಿನೇಳು ಟ್ಯಾಬ್,

ಹೋದ ವಾರ ನೀನು ಕಳಿಸಿದ ಮೆಸೇಜಿಗೆ ಇನ್ನೂ ಉತ್ತರ ಕೊಟ್ಟಿಲ್ಲ, ಗೊತ್ತು. "ಶುಕ್ರವಾರ ಅಪ್ರೈಸಲ್ ಮೀಟಿಂಗು, ಎಷ್ಟು ಕೇಳ್ಲಿ ಹೇಳೋ" ಅಂತ ಒಂದೇ ಸಾಲು ಬರೆದಿದ್ದೆ. ಮೂರು ಸಲ ಟೈಪ್ ಮಾಡಿ ಮೂರು ಸಲ ಅಳಿಸಿದೀನಿ. ಇಲ್ಲಿ ಎಲ್ಲರೂ ಓದೋ ಹಾಗೆ ಯಾಕೆ ಬರೀತಿದೀನಿ ಅಂದ್ರೆ, ಎಸ್‌ಇಒ (ಗೂಗಲ್ ಹುಡುಕಾಟದಲ್ಲಿ ಸೈಟನ್ನ ಮೇಲೆ ತರೋದು), ಗೂಗಲ್ ಆಡ್ಸ್ (ದುಡ್ಡು ಕೊಟ್ಟು ಹಾಕೋ ಜಾಹೀರಾತು) ಅಂತ ದಿನವಿಡೀ ಕೂರೋ ನಮ್ಮಂಥೋರು ಯಾವ ಕೀವರ್ಡಿಗೆ, ಅಂದ್ರೆ ಜನ ಹುಡುಕೋ ಪದಕ್ಕೆ, ಜಾಹೀರಾತಿನ ಹರಾಜಲ್ಲಿ ಎಷ್ಟು ಬಿಡ್ ಅಂತ ರಾತ್ರಿ ಎಬ್ಬಿಸಿ ಕೇಳಿದ್ರೂ ಹೇಳ್ತೀವಿ, ಪಕ್ಕದ ಸೀಟಿನವನಿಗೆ ಸಂಬಳ ಎಷ್ಟು ಅಂತ ಮಾತ್ರ ಗೊತ್ತಿರಲ್ಲ. ನಾವ್ಯಾರೂ ಕೇಳಲ್ಲ, ಯಾರಾದ್ರೂ ಕೇಳಿದ್ರೂ ಬಾಯಿಬಿಡಲ್ಲ.

ಮೊದಲು ಸುಲಭದ್ದು ಹೇಳಿಬಿಡ್ತೀನಿ. ಮೀಟಿಂಗಿಗೆ ರ‍್ಯಾಂಕಿಂಗ್ ಸ್ಕ್ರೀನ್‌ಶಾಟ್ ಹಿಡ್ಕೊಂಡು ಹೋಗ್ಬೇಡ ಕಣೋ. ಜನ ಏನು ಹುಡುಕಿ ಸೈಟಿಗೆ ಬಂದ್ರು ಅಂತ ಗೂಗಲ್ ತೋರಿಸೋ ಸರ್ಚ್ ಕನ್ಸೋಲ್ ತೆಗಿ, ಕಂಪನಿ ಹೆಸರಿರೋ ಕ್ವೆರಿಗಳನ್ನೆಲ್ಲ ಫಿಲ್ಟರ್ ಹಾಕಿ ಆಚೆ ತೆಗಿ. ಕಂಪನಿ ಹೆಸರು ಹಾಕಿ ಹುಡುಕೋರು ನೀನಿಲ್ದಿದ್ರೂ ಬರ್ತಿದ್ರು, ಉಳಿಯೋ ಕ್ಲಿಕ್ಕುಗಳೇ ನಿನ್ನ ದುಡಿಮೆ. ಅದನ್ನ ಹೋದ ತಿಂಗಳಿನ ಜೊತೆ ಹೋಲಿಸ್ಬೇಡ, ಹೋದ ವರ್ಷದ ಇದೇ ತಿಂಗಳ ಜೊತೆ ಹೋಲಿಸು, ಸೀಸನ್ ಲೆಕ್ಕ ತಪ್ಪಲ್ಲ. ಆಮೇಲೆ ಆ ಕ್ಲಿಕ್ಕುಗಳಿಂದ ಬಂದ ಲೀಡುಗಳಲ್ಲಿ, ಅಂದ್ರೆ ವಿಚಾರಿಸಿದ ಗಿರಾಕಿಗಳಲ್ಲಿ, ಎಷ್ಟು ನಿಜವಾದ ಆರ್ಡರ್ ಆಯ್ತು ಅಂತ ಸೇಲ್ಸ್ ಟೀಮಿನವರ ಹತ್ರ ಕೇಳಿ ತಗೋ, ಅವರು ಕೊಡ್ತಾರೆ, ಇಲ್ಲೀತನಕ ನಾವು ಕೇಳಿಲ್ಲ ಅಷ್ಟೇ.

ಆದ್ರೆ ನೀನು ಮಾಡಿದ ದೊಡ್ಡ ಕೆಲಸ ಯಾವ ಗ್ರಾಫಲ್ಲೂ ಕಾಣಲ್ವಲ್ಲ, ಅದೇ ನನಗೆ ಸಂಕಟ. ಇಡೀ ವೆಬ್‌ಸೈಟ್ ಹೊಸ ಪ್ಲಾಟ್‌ಫಾರ್ಮಿಗೆ ಹೋದಾಗ ಹಳೇ ಯುಆರ್‌ಎಲ್ ಒಂದೊಂದನ್ನೂ ಶೀಟಿಗೆ ಹಾಕ್ಕೊಂಡು, ಎದುರಿಗೆ ಹೊಸದನ್ನ ಬರ್ದು, 301 ರೀಡೈರೆಕ್ಟ್, ಅಂದ್ರೆ ಹಳೇ ವಿಳಾಸದಿಂದ ಹೊಸದಕ್ಕೆ ತಾನಾಗೇ ಕಳಿಸೋದು, ಸರಿಯಾಗಿದ್ಯಾ ಅಂತ ಎರಡು ವಾರ ಒಬ್ಬನೇ ಕೂತು ನೋಡಿದ್ದೆ. ಟ್ರಾಫಿಕ್, ಅಂದ್ರೆ ಸೈಟಿಗೆ ಬರೋ ಜನರ ಲೆಕ್ಕ, ಬೀಳ್ಲಿಲ್ಲ. ಬೀಳದೇ ಇದ್ದಿದ್ದಕ್ಕೇ ಯಾರಿಗೂ ಅದು ಕಾಣಿಸ್ಲಿಲ್ಲ, ಬಿದ್ದಿದ್ರೆ ಎಲ್ಲರೂ ನಿನ್ನ ಮೇಜಿನ ಸುತ್ತ ನಿಂತಿರ್ತಿದ್ರು. ಜನ ಏನು ಹುಡುಕಿದಾಗ ನಿಮ್ಮ ಜಾಹೀರಾತು ಬಂತು ಅಂತ ತೋರಿಸೋ ಸರ್ಚ್ ಟರ್ಮ್ಸ್ ರಿಪೋರ್ಟಿಂದೂ ಅದೇ ಕತೆ. "ಉಚಿತ", "ಕೆಲಸ ಖಾಲಿ ಇದೆ", "ಹೇಗೆ ರಿಪೇರಿ ಮಾಡೋದು" ಅಂತ ಹುಡುಕಿದೋರ ಕ್ಲಿಕ್ಕಿಗೆಲ್ಲ ದುಡ್ಡು ಹೋಗ್ತಿತ್ತು, ಸಾಲು ಸಾಲು ಓದಿ, ಅಂಥ ಪದಗಳಿಗೆ ಜಾಹೀರಾತು ಬರದ ಹಾಗೆ ನೆಗೆಟಿವ್ ಕೀವರ್ಡ್ ಹಾಕಿದೋನು ನೀನು. ಹಾಕೋಕೆ ಮುಂಚೆ ಆ ಪದಗಳ ಮೇಲೆ ತಿಂಗಳಿಗೆ ಎಷ್ಟು ಖರ್ಚಾಗ್ತಿತ್ತು ಅನ್ನೋದು ಅಕೌಂಟಲ್ಲೇ ಇದೆ. ತೆಗ್ದು ಒಂದು ಸಾಲಲ್ಲಿ ಬರಿ.

2024ರಲ್ಲಿ ನಿನ್ನ ಹೈಕ್ ಕಟ್ ಮಾಡಿದ್ರಲ್ಲ, "ಟ್ರಾಫಿಕ್ ಇಳಿದಿದೆ" ಅಂತ. ಆ ವರ್ಷ ಮಾರ್ಚ್ 5ಕ್ಕೆ ಶುರುವಾದ, ಹುಡುಕಾಟದ ಫಲಿತಾಂಶದ ಕ್ರಮವನ್ನೇ ಬದಲಿಸೋ ಗೂಗಲ್ ಕೋರ್ ಅಪ್‌ಡೇಟ್ ಏಪ್ರಿಲ್ 19ರ ತನಕ ನಡೀತು, ಮೇ ತಿಂಗಳಲ್ಲಿ ಅಮೆರಿಕದಲ್ಲಿ, ಹುಡುಕಾಟದ ಮೇಲ್ಗಡೆ ಎಐ ಬರೆದ ಉತ್ತರ ತೋರಿಸೋ ಎಐ ಓವರ್‌ವ್ಯೂ ಶುರು ಮಾಡಿ ಆಮೇಲೆ ಬೇರೆ ದೇಶಗಳಿಗೂ ತಂದ್ರು. ಉತ್ತರ ಮೇಲ್ಗಡೆಯೇ ಸಿಕ್ಕಿದ್ರೆ ಕೆಳಗಿನ ಲಿಂಕನ್ನ ಯಾರು ಒತ್ತುತ್ತಾರೆ? ಪೊಸಿಷನ್ ಅಲ್ಲೇ ಇದ್ರೂ ಕ್ಲಿಕ್ ಕಮ್ಮಿಯಾಗುತ್ತೆ. ಅದರ ಭಾರ ನಿನ್ನ ಸಂಬಳದ ಮೇಲೆ ಬಂತು, ನೀನು ಒಂದು ಮಾತೂ ಆಡದೆ ಎದ್ದು ಬಂದೆ. ಹಾಗಾಗಿ ವೇರಿಯಬಲ್ ಪೇ (ಫಲಿತಾಂಶ ನೋಡಿ ಕೊಡೋ ಸಂಬಳದ ಭಾಗ) ಅಂತ ಏನಾದ್ರೂ ಬರೆದ್ರೆ ಅದನ್ನ ರ‍್ಯಾಂಕಿಗೋ ಒಟ್ಟು ಟ್ರಾಫಿಕ್ಕಿಗೋ ಕಟ್ಟೋಕೆ ಬಿಡ್ಬೇಡ. ನಿನ್ನ ಕೈಲಿರೋದಕ್ಕೆ ಕಟ್ಲಿ.

ಇಷ್ಟನ್ನ ಅವತ್ತೇ ಕಳಿಸಬಹುದಿತ್ತು. ಕಳಿಸೋಕೆ ಆಗದೇ ಇದ್ದಿದ್ದು ಬೇರೆ ಕಾರಣಕ್ಕೆ.

ಎರಡು ತಿಂಗಳಿಂದ ನಮ್ಮ ಟೀಮಿಗೆ ಜನ ತಗೊಳ್ಳೋ ಕೆಲಸದಲ್ಲಿ ನನ್ನನ್ನೂ ಸೇರಿಸ್ಕೊಂಡಿದ್ದಾರೆ. ಮೊದಲನೇ ಸಲ ಆ ಶೀಟ್ ನೋಡಿದೆ ಕಣೋ. ಒಂದು ಕಾಲಮ್ಮಲ್ಲಿ ಆ ಕೆಲಸಕ್ಕೆ ಮಂಜೂರಾದ ಸಂಬಳ, ಇಷ್ಟರಿಂದ ಇಷ್ಟು ಅಂತ. ಅದರ ಪಕ್ಕದ ಕಾಲಮ್ಮಲ್ಲಿ ಬಂದೋರು ಕೇಳಿದ್ದು. ಒಬ್ಬ ಹುಡುಗಿ ಬಂದಿದ್ಲು, ಶಾಪಿಂಗ್ ಫೀಡ್ (ಜಾಹೀರಾತಿಗೆ ಕೊಡೋ ಸರಕುಗಳ ಪಟ್ಟಿ) ಕೈಯಾರೆ ಸರಿಮಾಡಿ ಗೊತ್ತಿರೋಳು, ಕೇಳಿದ್ದಕ್ಕೆಲ್ಲ ಅಚ್ಚುಕಟ್ಟಾಗಿ ಉತ್ತರ ಕೊಟ್ಲು. ಕೊನೇಲಿ "ನಿಮ್ಮ ನಿರೀಕ್ಷೆ ಎಷ್ಟು" ಅಂದಾಗ ಹಳೇ ಸಂಬಳದ ಮೇಲೆ ಸ್ವಲ್ಪ ಸೇರಿಸಿ ಹೇಳಿದ್ಲು. ಆ ಕೆಲಸಕ್ಕೆ ಕನಿಷ್ಠ 100 ಅಂತ ಇದ್ರೆ ಅವಳು ಕೇಳಿದ್ದು 80. ನನ್ನ ಪಕ್ಕದಲ್ಲಿದ್ದೋರು ಅವಳು ಹೋದ್ಮೇಲೆ ಪೆನ್ನಿನ ಕ್ಯಾಪ್ ಮುಚ್ಚುತ್ತಾ "ಒಳ್ಳೇದೇ ಆಯ್ತು, ಬಜೆಟ್ ಉಳೀತು" ಅಂದ್ರು. ನಾನೂ ತಲೆಯಾಡಿಸಿದೆ.

ನಮ್ಮ ಆಡ್ಸ್ ಹರಾಜೂ ಹಿಂಗೇ ಅಲ್ವಾ ನಡೆಯೋದು? ನೀನು ಗರಿಷ್ಠ ಎಷ್ಟು ಬಿಡ್ ಇಟ್ಟಿದ್ರೂ ಕೆಳಗಿರೋನನ್ನ ದಾಟೋಕೆ ಬೇಕಾದಷ್ಟನ್ನ ಮಾತ್ರ ವಸೂಲು ಮಾಡ್ತಾರೆ. ಸಂಬಳದಲ್ಲೂ ಕಂಪನಿ ತಯಾರಿದ್ದಷ್ಟು ಕೊಡಲ್ಲ, ನೀನು ಒಪ್ಪೋಕೆ ಬೇಕಾದಷ್ಟು ಕೊಡುತ್ತೆ. ಇನ್ನೊಂದು ಆಫರ್ ಇಲ್ಲ, ಅಲ್ಲಿ ಒಳಗೆ ಏನು ರೇಟ್ ಅಂತಲೂ ಗೊತ್ತಿಲ್ಲ ಅಂದ್ರೆ ನೀನು ಹೇಳಿದ ನಂಬರೇ ಕೊನೆ. ಕ್ಯಾಲಿಫೋರ್ನಿಯಾದಲ್ಲಿ 2018ರಿಂದ ಹಳೇ ಸಂಬಳ ಎಷ್ಟಿತ್ತು ಅಂತ ಕೇಳೋದನ್ನೇ ಕಾನೂನು ತಂದು ನಿಲ್ಲಿಸಿದ್ದು ಇದಕ್ಕೇ. ಯುರೋಪಿಯನ್ ಯೂನಿಯನ್ 2023ರಲ್ಲಿ ಮಾಡಿರೋ ನಿಯಮದಲ್ಲೂ ಅದನ್ನ ಕೇಳೋ ಹಾಗಿಲ್ಲ, ಜೊತೆಗೆ ಕೆಲಸಕ್ಕೆ ಎಷ್ಟು ಸಂಬಳ ಅಂತ ಅಭ್ಯರ್ಥಿಗೆ ಮೊದಲೇ ತಿಳಿಸ್ಬೇಕು.

ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ. ಆ ಹುಡುಗಿಗಿಂತ ಜಾಸ್ತಿ ನೀನೇ ನೆನಪಾಗ್ತಿದ್ದೆ.

ನಾಲ್ಕು ವರ್ಷದ ಹಿಂದೆ ನೀನು ಈ ಕೆಲಸದ ಇಂಟರ್‌ವ್ಯೂಗೆ ಹೋಗೋ ಮುಂಚೆ ಮೆಟ್ಟಿಲ ಮೇಲೆ ನಿಂತ್ಕೊಂಡು ಫೋನ್ ಮಾಡಿದ್ದೆ. "ನಿನಗೆಷ್ಟು ಕೊಡ್ತಿದಾರೋ, ನಿಜ ಹೇಳು, ಅದನ್ನೇ ಕೇಳ್ತೀನಿ" ಅಂದೆ. ನನ್ನ ಸಂಬಳ 120 ಅಂತಿಟ್ಕೋ, ನಾನು ನಿನಗೆ ಹೇಳಿದ್ದು 100. ನೀನು ಅದನ್ನೇ ಕೇಳಿದೆ. ಸಂಜೆ ಫೋನ್ ಮಾಡಿ ಖುಷಿಯಿಂದ "ಒಂದೇ ಮಾತಿಗೆ ಒಪ್ಕೊಂಡ್ರು ಕಣೋ" ಅಂದೆ. ಒಂದೇ ಮಾತಿಗೆ ಒಪ್ಕೊಂಡ್ರು ಅಂದ್ರೆ ಏನರ್ಥ ಅಂತ ನನಗೆ ಆ ಹೊತ್ತಿಗೇ ಗೊತ್ತಾಯ್ತು. ಆದ್ರೂ ಕಂಗ್ರಾಟ್ಸ್ ಅಂದು ಫೋನಿಟ್ಟೆ.

ಯಾಕೆ ಹಂಗೆ ಹೇಳಿದೆ ಅಂತ ಈ ವಾರವೆಲ್ಲ ಯೋಚಿಸ್ದೆ. ನಿನಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ ಅಂತಲೇ ನಾಲ್ಕು ವರ್ಷ ಅಂದ್ಕೊಂಡಿದ್ದೆ. ಲಾಗ್ ಫೈಲ್ ಓದೋದು, ಕ್ರಾಲ್ ಬಜೆಟ್ ಅಂದ್ರೇನು, ಎಲ್ಲ ನಿನ್ನಿಂದ ಕಲಿತೋನು ನಾನು, ಗುರುವಿಗಿಂತ ಜಾಸ್ತಿ ತಗೊಳ್ತೀನಿ ಅಂತ ಹೆಂಗೆ ಬಾಯಿಬಿಡೋದು ಅಂತ. ಅದು ಅರ್ಧ ನಿಜ. ಇನ್ನರ್ಧ ಏನಂದ್ರೆ, ನೀನೂ ಅಷ್ಟೇ ಕೇಳಿ ನಿನಗೂ ಅಷ್ಟೇ ಸಿಕ್ಕಿಬಿಟ್ರೆ ನಿನಗಿಂತ ಮುಂದಿದೀನಿ ಅನ್ನೋದಕ್ಕೆ ನನ್ನ ಹತ್ರ ಉಳಿದಿದ್ದ ಒಂದೇ ಒಂದು ವಿಷಯವೂ ಹೋಗ್ತಿತ್ತು. ಇದನ್ನ ಬರೆಯೋ ಅಂದಾಜು ಇರ್ಲಿಲ್ಲ. ಬರೆದಾಯ್ತು, ಅಳಿಸಲ್ಲ.

ಲೆಕ್ಕವನ್ನೂ ಹಾಕಿದೆ, ನೀನಾಗಿದ್ರೂ ಹಾಕ್ತಿದ್ದೆ. ಇಬ್ಬರಿಗೂ ವರ್ಷಕ್ಕೆ 10 ಪರ್ಸೆಂಟ್ ಹೈಕ್ ಅಂತಲೇ ಇಟ್ಕೋ. ಮೊದಲ ವರ್ಷ 20ರ ವ್ಯತ್ಯಾಸ, ಆಮೇಲೆ 22, ಆಮೇಲೆ 24ರ ಮೇಲೆ, ನಾಲ್ಕನೇ ವರ್ಷ 26ರ ಮೇಲೆ. ಕೂಡಿದ್ರೆ ಸುಮಾರು 93. ನಿನ್ನ ಮೊದಲ ವರ್ಷದ ಇಡೀ ಸಂಬಳವೇ 100. ನನ್ನ ಒಂದು ಫೋನಿನ ಮಾತಿಂದ ನೀನು ಹೆಚ್ಚುಕಮ್ಮಿ ಒಂದು ವರ್ಷ ಬಿಟ್ಟಿ ದುಡಿದಂಗಾಯ್ತು.

ಅಮೆರಿಕದ ಅಲಬಾಮಾದಲ್ಲಿ ಲಿಲಿ ಲೆಡ್‌ಬೆಟರ್ ಅಂತ ಒಬ್ಬರಿದ್ರು, ಟೈರ್ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. 1979ರಲ್ಲಿ ಸೇರಿ ಹತ್ತೊಂಬತ್ತು ವರ್ಷದ ಹತ್ತಿರ ದುಡಿದ ಮೇಲೆ ಯಾರೋ ಹೆಸರು ಹಾಕದೆ ಒಂದು ಚೀಟಿ ಇಟ್ಟು ಹೋದ್ರು, ಅದರಲ್ಲಿ ಅವರ ಸಂಬಳ, ಅದೇ ಕೆಲಸ ಮಾಡೋ ಮೂರು ಗಂಡಸರ ಸಂಬಳ. ಅಲ್ಲೀತನಕ ಅವರಿಗೆ ಗೊತ್ತೇ ಇರ್ಲಿಲ್ಲ. ಕೇಸ್ ಹಾಕಿದ್ರು, 2007ರಲ್ಲಿ ಸುಪ್ರೀಂ ಕೋರ್ಟ್ ತಡವಾಗಿ ಬಂದಿದೀರಿ ಅಂತ ತಳ್ಳಿಹಾಕ್ತು, 2009ರಲ್ಲಿ ಅವರ ಹೆಸರಲ್ಲೇ ಕಾನೂನು ಬಂತು. ಆ ಚೀಟಿ ಇಟ್ಟೋರು ಯಾರೋ, ಅವರಿಗೆ ಲಿಲಿ ಎಷ್ಟು ಹತ್ತಿರದೋರೋ ಏನೋ. ನಾನು ನಿನ್ನ ಹತ್ತು ವರ್ಷದ ಗೆಳೆಯ, ನಿನಗೆ ತಪ್ಪು ಚೀಟಿ ಕೊಟ್ಟೆ.

ಆ ಹುಡುಗಿ ವಿಷಯ ಹೇಳಿಬಿಡ್ತೀನಿ. ಮಾರನೇ ದಿನ ಬೆಳಿಗ್ಗೆ ಮೇಲ್ ಹಾಕಿದೆ, ಮಂಜೂರಾದ ಕನಿಷ್ಠಕ್ಕಿಂತ ಕಮ್ಮಿ ಕೊಟ್ಟು ತಗೊಳ್ಳೋದು ಸರಿಯಲ್ಲ, ಆರು ತಿಂಗಳಲ್ಲಿ ಗೊತ್ತಾಗಿ ಬಿಟ್ಟು ಹೋಗ್ತಾರೆ ಅಂತ. ಮಧ್ಯಾಹ್ನಕ್ಕೆ ಸರಿ ಅಂದ್ರು. ಆಫರ್ ಲೆಟರಲ್ಲಿ 100 ಅಂತ ಹೋಯ್ತು. ನಾಲ್ಕೇ ನಾಲ್ಕು ಸಾಲಿನ ಮೇಲ್ ಕಣೋ.

ಈಗ ನಿನ್ನ ವಿಷಯ. ಶುಕ್ರವಾರ ಈಗಿನ ಸಂಬಳದ ಮೇಲೆ ಇಷ್ಟು ಪರ್ಸೆಂಟ್ ಅಂತ ಮಾತ್ರ ಕೇಳ್ಬೇಡ, ಆ ಬುಡವೇ ನನ್ನಿಂದ ತಪ್ಪಾಗಿದೆ. ಈ ಕೆಲಸಕ್ಕೆ ಎಷ್ಟು ಅಂತ ಕೇಳು. ನಿನ್ನ ಡೆಸಿಗ್ನೇಷನ್ ಎಕ್ಸಿಕ್ಯೂಟಿವ್ ಅಂತಿದ್ರೂ ನೀನು ಟೆಕ್ನಿಕಲ್ ಎಸ್‌ಇಒ ಮಾಡ್ತೀಯ, ಆಡ್ಸ್ ಬಜೆಟ್ ನೋಡ್ತೀಯ, ಇಬ್ಬರು ಜೂನಿಯರಿಗೆ ಹೇಳಿಕೊಡ್ತೀಯ, ತಿಂಗಳ ರಿಪೋರ್ಟೂ ನಿನ್ನದೇ, ಅದನ್ನ ಹಂಗೇ ಬಿಡಿಸಿ ಹೇಳು. ನಂಬರ್ ಹೇಳಿದ ಮೇಲೆ "ಇಲ್ಲಾಂದ್ರೆ ಸ್ವಲ್ಪ ಕಮ್ಮಿ ಆದ್ರೂ ಪರ್ವಾಗಿಲ್ಲ" ಅಂತ ನೀನೇ ಸೇರಿಸ್ತೀಯಲ್ಲ, ನನಗೆ ಗೊತ್ತು, ಅದನ್ನ ಹೇಳ್ಬೇಡ. ಅವರು ಮಾತಾಡೋ ತನಕ ಸುಮ್ನಿರು. ಮಾರ್ಕೆಟ್ ರೇಟೇ ಕೊಡ್ತಿದೀವಿ ಅಂದ್ರೆ ಈ ಕೆಲಸಕ್ಕೆ ನಿಮ್ಮಲ್ಲಿರೋ ರೇಂಜ್ ಎಷ್ಟು ಅಂತ ಕೇಳು. ಈ ಸಲ ಆಗಲ್ಲ ಅಂದ್ರೆ ಯಾವ ತಿಂಗಳು, ಏನು ತೋರಿಸಿದ್ರೆ ಆಗುತ್ತೆ ಅನ್ನೋದನ್ನ ಮೇಲ್ ಮಾಡಿಸ್ಕೋ.

ನನ್ನ ನಿಜವಾದ ನಂಬರ್ ನಿನ್ನ ಇನ್‌ಬಾಕ್ಸಿಗೆ ಹಾಕಿದೀನಿ, ಈ ತಿಂಗಳ ಸ್ಲಿಪ್ ಸಮೇತ. ನಾಲ್ಕು ವರ್ಷದ ಹಿಂದಿನದೂ ಹುಡುಕಿ ಹಾಕಿದೀನಿ. ಕೋಪ ಬಂದ್ರೆ ಬೈದುಬಿಡು. ಗುರುವಾರ ರಾತ್ರಿ ಒಂಬತ್ತಕ್ಕೆ ಫೋನ್ ಮಾಡ್ತೀನಿ. ನಾನು ನಿನ್ನ ಮ್ಯಾನೇಜರ್ ಆಗಿ ಕೂರ್ತೀನಿ, ನೀನು ನಂಬರ್ ಹೇಳು, ಹೇಳಿ ಸುಮ್ನಿರೋದನ್ನ ಹತ್ತು ಸಲ ಪ್ರಾಕ್ಟೀಸ್ ಮಾಡೋಣ. ನಗ್ಬಾರ್ದು. ನಕ್ಕೋರು ಎಕ್ಸೆಲ್ ಶೀಟಿನ ಕೆಲಸ ಮಾಡ್ಬೇಕು, ನಮ್ಮ ಹಳೇ ರೂಲ್ಸೇ.

ನಿನ್ನ
ಐದನೇ ಪೇಜು